ಹಸೆಮಣೆ ಏರಿದ ಲ್ಯಾಪ್‌ಟಾಪು

ನಮ್ಮ ಮನೆಯಲ್ಲಿ ಯಾವ ವಸ್ತುವನ್ನೂ ಸುಮ್ಮನೆ ಹೋಗಿ ಕೊಂಡು ತರುವ ಪದ್ಧತಿ ಇಲ್ಲ. ಮೊದಲು ಅದರ ಬಗ್ಗೆ ಯೋಚಿಸಬೇಕು, ಯೋಚಿಸಿದ್ದನ್ನು ಊಟದ ಹೊತ್ತಿಗೆ ಚರ್ಚಿಸಬೇಕು, ಚರ್ಚೆ ಜಗಳಕ್ಕೆ ತಿರುಗಬೇಕು, ಜಗಳ ತಣ್ಣಗಾಗಿ ಆ ವಸ್ತು ಇಲ್ಲದೆಯೂ ಬದುಕಬಹುದು ಎಂದು ಇಬ್ಬರಿಗೂ ಮನವರಿಕೆಯಾದ ಮೇಲೆ ಹೋಗಿ ಅದನ್ನು ತರಬೇಕು. ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಮನೆಗೆ ಮಿಕ್ಸಿ ಬಂದದ್ದು ಹೀಗೆ, ಕುಕ್ಕರು ಬಂದದ್ದು ಹೀಗೆ. ನಮ್ಮವರು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವರು; ಒಂದು ವಸ್ತುವನ್ನು ಇನ್ನೊಂದರ ಜೊತೆ ಹೋಲಿಸದೆ ಅವರಿಗೆ ನಿದ್ದೆ ಬರುವುದಿಲ್ಲ. ಮದುವೆಗೆ ಮುಂಚೆ ನನ್ನನ್ನು ಎಷ್ಟು ಜನರ ಜೊತೆ ಹೋಲಿಸಿದ್ದರೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಹೀಗಿರುವಾಗ ನಾನು ಒಂದು ದಿನ ಸಾರು ಬಡಿಸುತ್ತಾ, "ಸಂಗೀತ ಮಾಡೋಕೆ ಒಂದು ಲ್ಯಾಪ್‌ಟಾಪ್ ಬೇಕು" ಎಂದುಬಿಟ್ಟೆ. ಅವರು ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎಡಗೈಯಲ್ಲಿ ಕನ್ನಡಕ ಹುಡುಕತೊಡಗಿದರು.

ಸಂಗೀತ ಎಂದ ಕೂಡಲೇ ನನ್ನನ್ನು ದೊಡ್ಡ ಗಾಯಕಿ ಎಂದು ತಿಳಿಯಬೇಡಿ. ನಾನೊಂದು ಸಹಕಾರ ಸಂಘದ ಕಚೇರಿಯಲ್ಲಿ ಕೆಲಸ ಮಾಡುವವಳು. ಚಿಕ್ಕಂದಿನಲ್ಲಿ ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೇನೆ. ಅಂದು ಪರೀಕ್ಷೆ ಮಾಡಿದವರು ನಾನು ಹಾಡಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿ, "ತಾಳ ಚೆನ್ನಾಗಿದೆಯಮ್ಮ" ಎಂದಿದ್ದರು. ಶ್ರುತಿಯ ಬಗ್ಗೆ ಏನನ್ನೂ ಹೇಳಲಿಲ್ಲ. ಒಳ್ಳೆಯ ಮನುಷ್ಯ.

ಲ್ಯಾಪ್‌ಟಾಪು ಬೇಕಾಗಿದ್ದದ್ದು ಅತ್ತೆಯ ಹಾಡಿಗಾಗಿ. ಅತ್ತೆ, ಮಾವ ಇರುವುದು ಭದ್ರಾವತಿಯಲ್ಲಿ, ಇಲ್ಲಿಂದ ಬಸ್ಸು ಹತ್ತಿ ಕೂತು ಒಂದು ಸಣ್ಣ ನಿದ್ದೆ ತೆಗೆಯುವಷ್ಟು ದೂರ. ಮಾವ ಅಲ್ಲಿನ ಕಾರ್ಖಾನೆಯೊಂದರಲ್ಲಿ ಮೆಷಿನ್ ರಿಪೇರಿ ಮಾಡುತ್ತಿದ್ದು ನಿವೃತ್ತರಾದವರು. ಅತ್ತೆ ನಿವೃತ್ತರಾಗಿಲ್ಲ. ಅವರ ಬೀದಿಯಲ್ಲಿ ಮದುವೆ, ಸೀಮಂತ, ನಾಮಕರಣ ಏನೇ ಆಗಲಿ, ಆರತಿ ಹಾಡು ಅವರದೇ. ಹಸೆಗೆ ಕರೆಯುವುದಕ್ಕೊಂದು, ಬೀಗರನ್ನು ಛೇಡಿಸುವುದಕ್ಕೊಂದು, ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವುದಕ್ಕೊಂದು ಹಾಡು ಅವರಲ್ಲಿ ಇದೆ. ಒಂದನ್ನೂ ಯಾರೂ ಬರೆದಿಟ್ಟಿಲ್ಲ. ಅವರಿಗೆ ಅವರ ಅಜ್ಜಿಯಿಂದ ಬಂದದ್ದು, ಅಜ್ಜಿಗೆ ಯಾರಿಂದ ಬಂತೋ. ಈಚೆಗೆ ಒಂದು ಮದುವೆಯಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ಹಾಡು ಶುರು ಮಾಡುವ ಹೊತ್ತಿಗೆ ಸರಿಯಾಗಿ ಡಿಜೆಯವನು ತನ್ನ ಪೆಟ್ಟಿಗೆಗಳನ್ನು ಜೋರು ಮಾಡಿದ. ಅತ್ತೆಯ ಬಾಯಿ ಆಡುತ್ತಿದ್ದದ್ದು ಕಾಣುತ್ತಿತ್ತು, ಹಾಡು ಮಾತ್ರ ಯಾರಿಗೂ ಕೇಳಲಿಲ್ಲ. ವಾಪಸು ಬರುವಾಗ ಅವರು ಕಿಟಕಿಯಾಚೆ ನೋಡುತ್ತಾ, "ಹೋಗಲಿ ಬಿಡು ಮಾರಾಯ್ತಿ. ನನ್ನ ಹಾಡು ನನ್ನ ಜೊತೆಗೇ ಮುಗೀತು ಅಂದ್ಕೊಂಡ್ರಾಯ್ತು" ಎಂದರು. ನಗುತ್ತಲೇ ಹೇಳಿದ ಮಾತು. ಈ ಹಾಡುಗಳನ್ನು ಹೇಗಾದರೂ ಉಳಿಸಿಕೊಳ್ಳಬೇಕು, ಹಿಂದೆ ತಂಬೂರಿ, ಮೆಲ್ಲನೆ ಒಂದು ತಬಲಾ ಸೇರಿಸಿ ಚೆಂದ ಮಾಡಬೇಕು ಎಂದು ಅವತ್ತೇ ನಿಶ್ಚಯಿಸಿದೆ. ಫೋನಿನಲ್ಲಿ ಹಿಡಿಯೋಣವೆಂದರೆ ಅತ್ತೆ ಸುತರಾಂ ಒಪ್ಪಲಿಲ್ಲ. "ಗ್ಯಾಸ್ ಬುಕ್ ಮಾಡೋ ಫೋನಿಗೆ ಆರತಿ ಹಾಡು ಹೇಳ್ಲಾ? ಅದಕ್ಕೇ ಅಂತ ಒಂದು ಪೆಟ್ಟಿಗೆ ತಗೊಂಡು ಬಾ, ಹೇಳ್ತೀನಿ" ಎಂದರು.

ಅಲ್ಲಿಂದ ಶುರುವಾಯಿತು ಪೆಟ್ಟಿಗೆಯ ಶೋಧ. ಸಂಗೀತಕ್ಕೆ ಎಂಥ ಲ್ಯಾಪ್‌ಟಾಪು ಬೇಕು ಎಂದು ಯೂಟ್ಯೂಬಿನಲ್ಲಿ ಕೇಳಿದರೆ ಜಗತ್ತಿನಲ್ಲಿರುವ ಗಡ್ಡದ ಹುಡುಗರೆಲ್ಲ ಬಂದು ಉಪದೇಶ ಮಾಡುತ್ತಾರೆ. ಒಬ್ಬ ರ‍್ಯಾಮ್ ಜಾಸ್ತಿ ಇರಲಿ ಎನ್ನುತ್ತಾನೆ, ಒಬ್ಬ ಪ್ರೊಸೆಸರ್ ಗಟ್ಟಿ ಇರಲಿ ಎನ್ನುತ್ತಾನೆ. ನಮ್ಮವರು ಎಲ್ಲವನ್ನೂ ಕೇಳಿಸಿಕೊಂಡು ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು: ಸ್ಟೋರೇಜ್ ಎಂದರೆ ಉಗ್ರಾಣ, ರ‍್ಯಾಮ್ ಎಂದರೆ ಅಡುಗೆ ಕಟ್ಟೆ, ಕಟ್ಟೆ ಸಣ್ಣದಾದರೆ ತಂಬೂರಿ, ತಬಲಾ, ಅಮ್ಮ ಮೂವರೂ ಒಟ್ಟಿಗೆ ನಿಲ್ಲೋಕಾಗಲ್ಲ. ಇದನ್ನು ಹೇಳುವಾಗ ಅವರ ಮುಖದಲ್ಲಿ ತಾವೇ ಲ್ಯಾಪ್‌ಟಾಪು ಕಂಡುಹಿಡಿದ ಸಂತೋಷವಿತ್ತು. ಆದರೆ ತೀರ್ಮಾನ ಮಾತ್ರ ನಿಲ್ಲುತ್ತಿರಲಿಲ್ಲ. ಭಾನುವಾರ ಭದ್ರಾವತಿಗೆ ಹೊರಟರೆ ಬಸ್ ನಿಲ್ದಾಣದಲ್ಲಿ ಒಂದು ಲ್ಯಾಪ್‌ಟಾಪು ಗಟ್ಟಿಯಾಗಿರುತ್ತಿತ್ತು, ಮಲವಗೊಪ್ಪ ಬರುವಷ್ಟರಲ್ಲಿ ಅದರಲ್ಲಿ ಏನೋ ಕೊರತೆ ಕಂಡು ಇನ್ನೊಂದು ಗಟ್ಟಿಯಾಗುತ್ತಿತ್ತು, ಭದ್ರಾವತಿಯಲ್ಲಿ ಇಳಿಯುವಾಗ "ಹೊಸ ಮಾಡೆಲ್ ಬರ್ತಿದೆಯಂತೆ, ಕಾಯೋಣ" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಇತ್ತ ಅತ್ತೆಯ ಸ್ವರ ಮೊದಲಿನಷ್ಟು ಮೇಲೆ ಹೋಗುತ್ತಿರಲಿಲ್ಲ. ಅದನ್ನು ನೋಡಿ ನಾನೇ ಒಂದು ಸಂಜೆ ಇವರ ಕೈ ಹಿಡಿದು ದುರ್ಗಿಗುಡಿಯ ಅಂಗಡಿಯೊಂದಕ್ಕೆ ಎಳೆದುಕೊಂಡು ಹೋದೆ. ಶಿವಮೊಗ್ಗಕ್ಕೆ ಯಾವುದೋ ಕೆಲಸಕ್ಕೆ ಬಂದಿದ್ದ ಮಾವನೂ ಜೊತೆಗೆ ಬಂದರು.

ಅಂಗಡಿಯವರು, "ಗೇಮಿಂಗಾ ಮೇಡಂ, ಆಫೀಸ್ ಕೆಲಸಾನಾ?" ಎಂದರು.

"ಹಾಡು" ಎಂದೆ.

"ಓ, ಹಾಡು ಕೇಳೋಕಾ? ಹಾಗಾದ್ರೆ ಯಾವುದಾದ್ರೂ ಆಗುತ್ತೆ ಬಿಡಿ."

"ಕೇಳೋಕಲ್ಲ, ಮಾಡೋಕೆ."

ಅವರು ನನ್ನನ್ನು, ನನ್ನ ಕಾಟನ್ ಸೀರೆಯನ್ನು, ಕೈಯಲ್ಲಿದ್ದ ಕೊತ್ತಂಬರಿ ಸೊಪ್ಪಿನ ಚೀಲವನ್ನು ಒಮ್ಮೆ ನೋಡಿ ಒಳಗಿಂದ ಒಂದು ಭಾರಿ ಕಪ್ಪು ಯಂತ್ರ ತಂದಿಟ್ಟರು. ಅದರ ಕೀಲಿಗಳ ಕೆಳಗೆ ಬಣ್ಣಬಣ್ಣದ ದೀಪ. ಚಾಲೂ ಮಾಡಿದ್ದೇ ಒಳಗೆ ಬಿಸಿ ಇಳಿಸುವ ಫ್ಯಾನು ಮೊರೆಯತೊಡಗಿತು. ತ್ಯಾವರೆಕೊಪ್ಪದ ಸಫಾರಿಯ ಸಿಂಹವಾದರೂ ನಾವು ಟಿಕೆಟ್ ತೆಗೆದುಕೊಂಡು ಹೋದಾಗ ಸುಮ್ಮನೆ ಮಲಗಿರುತ್ತದೆ. ಇದು ಮಲಗುವ ಜಾತಿಯಲ್ಲ. ನಾನು ಜೊತೆಗೆ ತಂದಿದ್ದ ಮೈಕು ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು, ಅಂಗಡಿಯ ನಡುವೆಯೇ "ಸಾ... ಪಾ... ಸಾ..." ಎಂದೆ. ಫ್ಯಾನಿನ ಮೊರೆತದ ನಡುವೆ ನನ್ನ ಸ್ವರ ಪ್ರವಾಹದಲ್ಲಿ ತೇಲಿ ಬಂದ ಹಾಗೆ ಬಂತು. ಇನ್ನೊಂದು ಅಗ್ಗದ ಯಂತ್ರದಲ್ಲಿ ನಾನು ಪಾ ಮುಟ್ಟಿದ ಮೇಲೆ ಸಾ ಕಿವಿಗೆ ಬಂತು. ತಾಳವೊಂದೇ ಚೆನ್ನಾಗಿರುವವಳಿಗೆ ಅದೂ ತಪ್ಪಿದರೆ ಏನು ಉಳಿಯುತ್ತದೆ? ಅಷ್ಟರಲ್ಲಿ ಬಾಗಿಲಲ್ಲಿ ನಾಲ್ಕಾರು ಜನ ಸೇರಿದ್ದರು. ಹಿರಿಯರೊಬ್ಬರು ಅಂಗಡಿಯಲ್ಲಿ ಪೂಜೆ ಇದೆ ಎಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತರು.

ಮಾವನಿಗೆ ಆ ಕಪ್ಪು ಯಂತ್ರ ಬಹಳ ಹಿಡಿಸಿತು. ಅದನ್ನು ಎರಡು ಕೈಯಲ್ಲೂ ಎತ್ತಿ ತೂಕ ನೋಡಿದರು. ಆಮೇಲೆ ಅಂಗಡಿಯವರಿಂದ ಒಂದು ಸ್ಕ್ರೂಡ್ರೈವರ್ ಕೇಳಿ ಪಡೆದು, ಅದರ ತುದಿಯನ್ನು ಲ್ಯಾಪ್‌ಟಾಪಿಗೂ ಹಿಡಿಯನ್ನು ಕಿವಿಗೂ ಒತ್ತಿ ಕಣ್ಣು ಮುಚ್ಚಿದರು. ಕಾರ್ಖಾನೆಯಲ್ಲಿ ಬೇರಿಂಗು ಸವೆದಿದೆಯೋ ಇಲ್ಲವೋ ಎಂದು ಅವರು ನೋಡುತ್ತಿದ್ದದ್ದು ಹೀಗೆಯೇ. ಅಂಗಡಿಯವರ ಮುಖ ಬಿಳಿಚಿಕೊಂಡಿತು. "ಒಳ್ಳೆ ಮೋಟಾರು. ಇದನ್ನೇ ತಗೋ ಸುಮಾ" ಎಂದರು ಮಾವ. ನಾನು ಆರಿಸಿಕೊಂಡದ್ದು ಮೂಲೆಯಲ್ಲಿದ್ದ ತೆಳ್ಳಗಿನ ಒಂದನ್ನು. ಅದರಲ್ಲಿ ಫ್ಯಾನೇ ಇಲ್ಲ. ಚಾಲೂ ಮಾಡಿದರೂ ಉಸಿರಿಲ್ಲ. ಹಾಡಿದ ಸ್ವರ ಹಾಡಿದ ಹೊತ್ತಿಗೇ ಕಿವಿಗೆ ಬಂತು. ಮಾವ ಅದಕ್ಕೂ ಸ್ಕ್ರೂಡ್ರೈವರ್ ಹಚ್ಚಿ ಬಹಳ ಹೊತ್ತು ಕೇಳಿ, ತಲೆಯಾಡಿಸಿ, "ಸದ್ದೇ ಮಾಡದ ಮೆಷಿನ್ನು ಓಡ್ತಾ ಇದೆ ಅಂತ ನಂಬೋದು ಹೇಗಮ್ಮ?" ಎಂದರು. ನಮ್ಮವರು ಇನ್ನೆರಡು ಅಂಗಡಿ ನೋಡೋಣವೇ ಎಂದು ಬಾಯಿ ತೆರೆಯುವ ಮೊದಲೇ ನಾನು ಬಿಲ್ ಮಾಡಿಸಿದೆ. ಅವತ್ತು ಮನೆಗೆ ಬರುವಾಗ ಲ್ಯಾಪ್‌ಟಾಪಿನ ಚೀಲವನ್ನು ಯಾರ ಕೈಗೂ ಕೊಡಲಿಲ್ಲ. ಅಷ್ಟು ಖುಷಿಯಾಗಿತ್ತು.

ಮುಂದಿನ ಭಾನುವಾರ ಭದ್ರಾವತಿಯ ನಡುಮನೆ ಸ್ಟುಡಿಯೋ ಆಯಿತು. ಸೀಲಿಂಗ್ ಫ್ಯಾನು ಬಂದ್, ಫ್ರಿಜ್ಜು ಬಂದ್. ಪಕ್ಕದ ಮನೆಯ ಸೆಲ್ವಿ ಅಕ್ಕನಿಗೆ ಹೇಳಿ ಇಡ್ಲಿ ಹಿಟ್ಟು ರುಬ್ಬುವುದನ್ನು ಮಧ್ಯಾಹ್ನಕ್ಕೆ ಹಾಕಿಸಿದೆ. ಗಾಡಿಯವರು ತರಕಾರಿ ಎಂದು ಕೂಗದಂತೆ ನಮ್ಮವರನ್ನು ಗೇಟಿನ ಹತ್ತಿರ ನಿಲ್ಲಿಸಿದೆ. ಅತ್ತೆ ಇಳಕಲ್ ಸೀರೆ ಉಟ್ಟು ಬಂದು ಕೂತು, ಸುತ್ತ ನೋಡಿ, "ಆರತಿ ಯಾರಿಗೆ?" ಎಂದರು.

"ಯಾರಿಗೂ ಇಲ್ಲ ಅತ್ತೆ. ಸುಮ್ಮನೆ ಹಾಡಿ."

"ಸುಮ್ಮನೆ ಹಾಡೋಕೆ ಅದೇನು ರೇಡಿಯೋ ಹಾಡೇನೇ? ಹಸೆ ಮೇಲೆ ಯಾರಾದ್ರೂ ಕೂತಿರಬೇಕು."

"ನಾನು ಕೂರ್ತೀನಿ ಬಿಡು" ಎಂದು ಮಾವ ಪಂಚೆ ಸರಿಮಾಡಿಕೊಂಡರು.

"ನಿಮಗೆ ಆರತಿ ಎತ್ತಿದ್ದು ಆಗಿ ಹೋಗಿದೆ, ಏಳಿ. ಮನೆಗೆ ಹೊಸದಾಗಿ ಬಂದೋರು ಆಗಬೇಕು."

ಮನೆಗೆ ಹೊಸದಾಗಿ ಬಂದದ್ದು ಒಂದೇ. ಅತ್ತೆ ತಾವೇ ಎದ್ದು ರಂಗೋಲಿ ಎಳೆದು, ಮಣೆ ಹಾಕಿ, ಮೇಲೆ ರವಿಕೆ ಕಣ ಹಾಸಿ ಲ್ಯಾಪ್‌ಟಾಪನ್ನು ಕೂರಿಸಿದರು. ಮುಚ್ಚಳದ ಹಿಂದೆ ಕುಂಕುಮದ ಬೊಟ್ಟು. ಹೊಸಬರಾದ್ದರಿಂದ ಮನೆ ತುಂಬಿಸಿಕೊಳ್ಳುವ ಹಾಡೇ ಸರಿ ಎಂದರು. ಅವರ ಹಾಡುಗಳಲ್ಲೆಲ್ಲ ದೊಡ್ಡದು, ಚೆಂದದ್ದು ಅದೇ. ನನ್ನ ಎದೆ ಹಿಗ್ಗಿತು. ಅಷ್ಟರಲ್ಲಿ ಅತ್ತೆ ಅರಿಸಿನ ಸುಣ್ಣ ಕಲಸಿದ ಕೆಂಪು ನೀರಿನ ತಟ್ಟೆಯನ್ನು ನನ್ನ ಮುಂದೆ ಹಿಡಿದು, "ಹಿಡಿ ಆ ಕಡೆ. ಆರತೀನ ಒಬ್ಬರೇ ಎತ್ತೋದಿಲ್ಲ" ಎಂದರು. ಹಾಗಾದರೆ ರೆಕಾರ್ಡಿಂಗ್ ಗುಂಡಿ ಒತ್ತುವವರು ಯಾರು? ಉಳಿದವರು ಮಾವ ಒಬ್ಬರೇ. ಪರದೆಯ ಮೇಲಿನ ಕೆಂಪು ಗುಂಡಿಗೆ ಬಾಣದ ಗುರುತು ತಂದಿಟ್ಟು, ಮೌಸನ್ನು ಅವರ ಕೈಗೆ ಕೊಟ್ಟೆ.

"ಕೆಂಪು ಒತ್ತಿದ್ರೆ ನಿಲ್ಲುತ್ತಲ್ಲಮ್ಮ?"

"ಇದರಲ್ಲಿ ಕೆಂಪು ಅಂದ್ರೆ ಶುರು ಮಾವ. ಒತ್ತಿ, ಆಮೇಲೆ ಸುಮ್ಮನೆ ನಿಂತುಬಿಡಿ."

ಅತ್ತೆ ಹಾಡಿದರು. ಅದನ್ನು ಹೇಗೆ ಹೇಳಲಿ? ಆ ಮದುವೆಯ ಸಿಟ್ಟು, ಅಷ್ಟು ದಿನ ತಡೆದಿಟ್ಟುಕೊಂಡದ್ದು ಎಲ್ಲ ಅದರಲ್ಲಿ ಬಂತು. ಮೇಲೆ ಹೋಗುವುದಿಲ್ಲ ಎಂದುಕೊಂಡಿದ್ದ ಸ್ವರ ಹೋಯಿತು. ನಾನು ಈ ಮನೆಗೆ ಬಂದ ದಿನ ಹೊಸಿಲಲ್ಲಿ ನಿಂತು ಇದೇ ಹಾಡು ಕೇಳಿದ್ದೆ. ತಟ್ಟೆ ಹಿಡಿದ ಮೇಲೆ ಬಾಯಿ ಸುಮ್ಮನಿರಲಿಲ್ಲ, ನಾನೂ ಸೇರಿಕೊಂಡೆ. ಕಣ್ಣೆಲ್ಲ ತಟ್ಟೆಯ ಮೇಲೆಯೇ: ಒಂದು ತೊಟ್ಟು ಕೆಂಪು ನೀರು ಆ ಕೀಲಿಗಳ ಮೇಲೆ ಬಿದ್ದರೆ ಮುಗಿಯಿತು. ಕಣ್ಣು ಮಂಜಾಗಿ ಅದೂ ಸರಿಯಾಗಿ ಕಾಣುತ್ತಿರಲಿಲ್ಲ. ಹಾಡು ಮುಗಿದಾಗ ಗೋಡೆಯಾಚೆಯಿಂದ ಸೆಲ್ವಿ ಅಕ್ಕ "ಅಯ್ಯೋ ಅಮ್ಮಾ, ಎಷ್ಟು ಚೆನ್ನಾಗಿತ್ತು!" ಎಂದು ಕೂಗಿದರು. ನಾನು ತಟ್ಟೆ ಕೆಳಗಿಟ್ಟು ಪರದೆ ನೋಡಿದೆ. ಅಲ್ಲಿ ಹಾಡು ಹಿಡಿದದ್ದರ ಗುರುತಾಗಿ ಒಂದು ಹೆಬ್ಬೆರಳು ಅಗಲದ ಗೀಟು ಇತ್ತು, ಅದರಾಚೆ ಏನೂ ಇರಲಿಲ್ಲ.

"ನೀನು ಹೇಳಿದ ಹಾಗೇ ಒತ್ತಿದೆನಮ್ಮ" ಎಂದರು ಮಾವ. "ಸದ್ದೇ ಬರಲಿಲ್ಲ. ಶುರು ಆಗಿಲ್ವೇನೋ ಅಂತ ಇನ್ನೊಂದ್ಸಲ ಒತ್ತಿದೆ."

ಎರಡನೇ ಸಲ ಒತ್ತಿದರೆ ರೆಕಾರ್ಡಿಂಗ್ ನಿಲ್ಲುತ್ತದೆ ಎಂದು ಹೇಳುವುದನ್ನು ನಾನೇ ಮರೆತಿದ್ದೆ. ಬೈಯುವ ಹಾಗಿರಲಿಲ್ಲ. ಜೀವಮಾನವೆಲ್ಲ ಮೆಷಿನ್ನು ಸುಮ್ಮನಾದರೆ ಓಡಿ ಹೋಗಿ ನೋಡಿದ ಮನುಷ್ಯ. ಅವರ ಮುಖ ನೋಡಿ ನನಗೇ ಪಾಪ ಎನಿಸಿತು. ಅತ್ತೆಯ ಕೈ ಹಿಡಿದು ಇನ್ನೊಮ್ಮೆ ಎಂದು ಬೇಡಿಕೊಂಡೆ. ಅವರು ಖಡಾಖಂಡಿತವಾಗಿ ಆಗದು ಎಂದರು. ಒಮ್ಮೆ ಮನೆ ತುಂಬಿಸಿಕೊಂಡವರನ್ನು ಹೊರಗೆ ಕಳಿಸಿ ಮತ್ತೆ ತುಂಬಿಸಿಕೊಳ್ಳುವುದುಂಟೇ? ಬೇರೆ ಹಾಡುಗಳನ್ನು ಹೇಳುತ್ತಾರಂತೆ, ಹೊಸದು ಏನಾದರೂ ಮನೆಗೆ ಬಂದರೆ. ಉಳಿದಿದ್ದ ಆ ತುಂಡನ್ನು ಹೆಡ್‌ಫೋನಿನಲ್ಲಿ ಅವರಿಗೆ ಕೇಳಿಸಿದೆ. ಒಂದೇ ಸಾಲು. ಅತ್ತೆ ಕಣ್ಣರಳಿಸಿ ಕೇಳಿ, "ಇದ್ಯಾರು ಇಷ್ಟು ಜೋರಾಗಿ?" ಎಂದರು.

"ನಾನೇ ಅತ್ತೆ."

"ಅಷ್ಟೂ ನುಡಿ ನನ್ನ ಜೊತೆ ಹೇಳಿದ್ಯಲ್ಲ, ಎಲ್ಲೂ ಒಂದು ಮಾತು ತಪ್ಪಲಿಲ್ಲ. ಮತ್ಯಾಕೆ ಅಳ್ತೀಯ? ಆ ಹಾಡು ಇನ್ಮೇಲೆ ನೀನೇ ಹೇಳು." ಆಮೇಲೆ ಮೆಲ್ಲಗೆ ಸೇರಿಸಿದರು: "ಶ್ರುತಿ ಒಂದು ಚೂರು... ಅದನ್ನ ಆ ಪೆಟ್ಟಿಗೆ ಸರಿಮಾಡಲ್ವಾ?"

ಮಾಡುತ್ತದೆ. ಅದಕ್ಕೆಂದೇ ಅದರೊಳಗೆ ಒಂದು ಏರ್ಪಾಟಿದೆ. ತಪ್ಪಿದ ಸ್ವರವನ್ನು ಹಿಡಿದು ಅದರ ಜಾಗಕ್ಕೆ ಎಳೆದು ಕೂರಿಸುತ್ತದೆ. ಅತ್ತೆಯ ಹಾಡುಗಳು ಈಗ ಪೆಟ್ಟಿಗೆಯೊಳಗೆ ಚೆನ್ನಾಗಿಯೇ ಸೇರಿಕೊಳ್ಳುತ್ತಿವೆ. ಸೆಲ್ವಿ ಅಕ್ಕನ ಹೊಸ ಗ್ರೈಂಡರಿಗೆ ಹಸೆಗೆ ಕರೆಯುವ ಹಾಡು ಆಯಿತು, ನಮ್ಮವರ ಹೊಸ ಕನ್ನಡಕಕ್ಕೆ ಬೀಗರನ್ನು ಛೇಡಿಸುವ ಹಾಡು ಆಯಿತು. ಗುಂಡಿಯ ಹತ್ತಿರ ಈಗಲೂ ಮಾವನೇ, ಆದರೆ ಒಂದು ಸಲ ಒತ್ತಿದ ಕೂಡಲೇ ಕೈ ಕಟ್ಟಿಕೊಂಡು ನಿಲ್ಲುತ್ತಾರೆ. ಮನೆ ತುಂಬಿಸಿಕೊಳ್ಳುವ ಹಾಡು ಮಾತ್ರ ನನ್ನ ಪಾಲಿಗೆ ಬಂದಿದೆ. ಸಂಜೆ ಕಚೇರಿಯಿಂದ ಬಂದು ಬಾಗಿಲು ಹಾಕಿಕೊಂಡು ಹಾಡುತ್ತೇನೆ, ಲ್ಯಾಪ್‌ಟಾಪು ತುಟಿಪಿಟಕ್ಕೆನ್ನದೆ ನನ್ನನ್ನು ಶ್ರುತಿಗೆ ಎಳೆಯುತ್ತಾ ಕೂರುತ್ತದೆ. ಮೊನ್ನೆ ಎಲ್ಲ ನುಡಿಗಳನ್ನೂ ಒಂದೇ ಸಲಕ್ಕೆ ಹಾಡಿ ಮುಗಿಸಿದಾಗ ನಮ್ಮವರು ಕಾಫಿ ತಂದರು. ಲ್ಯಾಪ್‌ಟಾಪಿನ ಬೆನ್ನು ಮುಟ್ಟಿ, ಸುಟ್ಟವರ ಹಾಗೆ ಕೈ ಹಿಂದಕ್ಕೆಳೆದುಕೊಂಡು, ಅದನ್ನೂ ನನ್ನನ್ನೂ ಬಹಳ ಹೊತ್ತು ಹೋಲಿಸಿ ನೋಡಿ ಹೇಳಿದರು: "ಫ್ಯಾನ್ ಇರೋದನ್ನೇ ತಗೋಬೇಕಿತ್ತು ಕಣೇ."