ಪ್ರಚ್ಛನ್ನ ಶಕ್ತಿ ಮತ್ತು ನಿಯಮ ಹದಿನಾಲ್ಕು

ಒಕ್ಲಹೋಮಾದ ಟಲ್ಲಿಸ್ ಕೌಂಟಿಯಲ್ಲಿ ಸುಂಟರಗಾಳಿ ಬರುವ ಮೊದಲೇ ಸೈರನ್ ಮೊಳಗಿಸುವುದು ನಿಯಮಬಾಹಿರ. ಆ ನಿಯಮವನ್ನು ಬರೆದವನು ನಾನೇ, ಕೌಂಟಿಯ ವಿಪತ್ತು ಅಧಿಕಾರಿ ಡೆಲ್ಬರ್ಟ್ ಹಾಸ್ಕಿನ್ಸ್. ಭಾಷೆ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೊಗಳಿದರು.

ತಪ್ಪು ಆಕಾಶದ್ದು. ಮೇ ತಿಂಗಳಲ್ಲಿ ತೆಂಕಣ ಕಡಲಿನ ಸೆಕೆಗಾಳಿ ಬಂದು ನಮ್ಮ ಬಯಲಿನ ಮೇಲೆ ಕೂರುತ್ತದೆ. ಅದರ ಮೇಲೆ ಪಶ್ಚಿಮದ ಒಣ ಬಿಸಿಗಾಳಿ ಮುಚ್ಚಳ ಹಾಕುತ್ತದೆ. ಒಳಗೆ ಪ್ರಚ್ಛನ್ನ ಶಕ್ತಿ ಕುಕ್ಕರಿನಲ್ಲಿ ಆವಿ ತುಂಬಿದ ಹಾಗೆ ತುಂಬುತ್ತಾ ಹೋಗುತ್ತದೆ. ಮುಚ್ಚಳ ಹಾರಿದರೆ ಪ್ರಳಯ, ಹಾರದಿದ್ದರೆ ನೀಲಿ ಆಕಾಶ. ಎಷ್ಟು ತುಂಬಿದೆ ಎಂದು ಬೆಳಿಗ್ಗೆ ಹಾರಿಬಿಡುವ ಹವಾಮಾನದ ಬಲೂನು ಹೇಳುತ್ತದೆ. ಹಾರುತ್ತದೋ ಇಲ್ಲವೋ ಎಂದು ಹೇಳಬೇಕಾದವನು ನಾನು. ಆ ವರ್ಷ ಮೂರು ಸಲ ಹಾರುತ್ತದೆ ಎಂದು ಸೈರನ್ ಮೊಳಗಿಸಿದೆ, ಮೂರು ಸಲವೂ ಹಾರಲಿಲ್ಲ. ಮೂರನೆಯ ಸಲವಂತೂ ಚರ್ಚಿನ ಮೀನೂಟಕ್ಕೆ ಬಂದ ಇನ್ನೂರು ಜನ ತಟ್ಟೆ ಹಿಡಿದುಕೊಂಡು ನೆಲಮಾಳಿಗೆಯಲ್ಲಿ ಎರಡು ಗಂಟೆ ಬೆವೆತರು. ಹೊರಗೆ ಚಿಟ್ಟೆ ಹಾರುತ್ತಿದ್ದವು.

ಕಮಿಷನರ್ ಕ್ಲೋವಿಸ್ ಟ್ಯಾಕೆಟ್ ಕರೆಸಿದರು.

"ಡೆಲ್, ಶಕ್ತಿ ಇದೆ ಇದೆ ಅಂತೀಯಲ್ಲ, ಎಲ್ಲಪ್ಪಾ, ತೋರ್ಸು ನೋಡೋಣ?"

"ಅದು ಪ್ರಚ್ಛನ್ನ ಸಾರ್. ಕಣ್ಣಿಗೆ ಕಾಣಲ್ಲ."

"ಕಾಣದೇ ಇರೋದಕ್ಕೋಸ್ಕರ ನನ್ನ ಮೀನು ತಣ್ಣಗಾಯ್ತು. ನಿನ್ನಲ್ಲೂ ಭಾರೀ ಶಕ್ತಿ ಇದೆ ಅಂತ ಇಪ್ಪತ್ತು ವರ್ಷದಿಂದ ಕೇಳ್ತಾ ಇದೀನಿ. ಅದೂ ಕಂಡಿಲ್ಲ."

ಮಾತು ನ್ಯಾಯವಾಗಿತ್ತು. ಅಂದೇ ಕೂತು ನಿಯಮ ಹದಿನಾಲ್ಕನ್ನು ಬರೆದುಕೊಟ್ಟೆ:

"ಪ್ರಚ್ಛನ್ನವಾಗಿರುವ ಯಾವುದೇ ಶಕ್ತಿಯನ್ನು, ಅದು ಪ್ರಕಟವಾಗುವ ತನಕ, ಇಲ್ಲವೆಂದೇ ಭಾವಿಸತಕ್ಕದ್ದು. ಸುಂಟರಗಾಳಿಯನ್ನು ಕಣ್ಣಾರೆ ಕಂಡ ಇಬ್ಬರು ಖಾಯಂ ನಿವಾಸಿಗಳು ಸಹಿ ಹಾಕಿದ ನಂತರವೇ ಸೈರನ್ ಮೊಳಗಿಸತಕ್ಕದ್ದು. ಪ್ರತಿ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಮೊಳಗುವ ಪರೀಕ್ಷಾ ಸೈರನ್‌ಗೆ ಇದು ಅನ್ವಯಿಸುವುದಿಲ್ಲ."

ಮುಂದಿನ ಶನಿವಾರ ಬಲೂನು ಕಿಲೋ ಗಾಳಿಗೆ ಆರು ಸಾವಿರ ಜೌಲ್ ಎಂದು ವರದಿ ಮಾಡಿತು. ಅಷ್ಟನ್ನು ನಾನು ನನ್ನ ಸೇವಾವಧಿಯಲ್ಲೇ ನೋಡಿರಲಿಲ್ಲ. ಹನ್ನೊಂದೂವರೆಗೆ ಪಶ್ಚಿಮದಲ್ಲಿ ಮುಚ್ಚಳ ತೂತಾಗಿ ಮೋಡ ಉಕ್ಕತೊಡಗಿತು. ಊರಿನ ಪೂರ್ವದ ತುದಿಯಲ್ಲಿ, ನೆಲಮಾಳಿಗೆಯಿಲ್ಲದ ತಗಡಿನ ಟ್ರೇಲರ್ ಮನೆಯಲ್ಲಿ, ಎಪ್ಪತ್ತನಾಲ್ಕರ ನನ್ನಕ್ಕ ಓಪಲ್ ಒಬ್ಬಳೇ ಇದ್ದಳು. ಫೋನ್ ಮಾಡಿದೆ.

"ಅಕ್ಕಾ, ಹೈಸ್ಕೂಲಿನ ನೆಲಮಾಳಿಗೆಗೆ ಹೋಗು."

"ಸೈರನ್ ಆಯ್ತಾ?"

"ಇಲ್ಲ. ಮಾಡೋ ಹಾಗಿಲ್ಲ."

"ಹಂಗಾದ್ರೆ ಸುಮ್ನಿರು. ಮೂರು ಸಲ ಬೆಕ್ಕನ್ನ ಹೊತ್ಕೊಂಡು ಓಡಿದೀನಿ, ಊರೆಲ್ಲಾ ನಕ್ಕಿದೆ. ಒಲೇಲಿ ಪೀಚ್ ಹಣ್ಣಿನ ಕಾಬ್ಲರ್ ಬೇಯ್ತಾ ಇದೆ. ನೀನು ಸೈರನ್ ಹೊಡಿ, ನಾನು ಹೊರಡ್ತೀನಿ."

ಸೈರನ್ನಿನ ಕೀಲಿ ನನ್ನ ಕೈಯಲ್ಲೇ ಇತ್ತು. ಗಂಡೆದೆಯವನಾಗಿದ್ದರೆ ತಿರುಗಿಸುತ್ತಿದ್ದ. ನಾನು ನಿಯಮವನ್ನು ಮತ್ತೊಮ್ಮೆ ಓದಿದೆ. ಎಲ್ಲೂ ಸಂದಿ ಇರಲಿಲ್ಲ. ಅಷ್ಟು ಬಿಗಿಯಾಗಿ ಬರೆದಿದ್ದೆ.

ಉಳಿದದ್ದು ಪರೀಕ್ಷಾ ಸೈರನ್. ಸರಿಯಾಗಿ ಹನ್ನೆರಡಕ್ಕೆ ಕೀಲಿ ತಿರುಗಿಸಿ, ಜನಕ್ಕೆ ಅನುಮಾನವಾದರೂ ಬರಲಿ ಎಂದು ಎಂದಿಗಿಂತ ಮೂರು ಪಟ್ಟು ಹೊತ್ತು ಹಿಡಿದುಕೊಂಡೆ. ಊರಿನವರು ಗಡಿಯಾರ ಸರಿ ಮಾಡಿಕೊಂಡರು.

ಹನ್ನೆರಡು ಗಂಟೆ ಒಂಬತ್ತು ನಿಮಿಷಕ್ಕೆ ಸುಂಟರಗಾಳಿ ಇಳಿಯಿತು. ನಮ್ಮ ವಾಡಿಕೆಯಂತೆ ಎಲ್ಲರೂ ಮನೆಯೊಳಗಿಂದ ಜಗಲಿಗೆ ಬಂದು, ಕೈಕಟ್ಟಿ ನಿಂತು ನೋಡಿದರು. ಅದು ಊರಿನ ಅಂಚಿನಲ್ಲೇ ಸಾಗಿ ಪೂರ್ವಕ್ಕೆ ಹೋಯಿತು.

ಕಾರು ಓಡಿಸಿಕೊಂಡು ಹೋದೆ. ಅಕ್ಕನ ಮನೆಯಿದ್ದಲ್ಲಿ ಮೂರು ಸಿಮೆಂಟಿನ ಮೆಟ್ಟಿಲು ಮಾತ್ರ ಉಳಿದಿದ್ದವು. ಮೆಟ್ಟಿಲ ಮೇಲೆ ನಿಂತು ಅವಳ ಹೆಸರು ಹಿಡಿದು ಕೂಗಿದೆ. ನನ್ನಷ್ಟು ಹೇಡಿ ಇಡೀ ಕೌಂಟಿಯಲ್ಲಿಲ್ಲ ಎಂದು ಆಗ ಖಾತ್ರಿಯಾಯಿತು.

"ಯಾಕೋ ಹಂಗೆ ಬಡ್ಕೋತೀಯ?" ರಸ್ತೆಯಾಚೆಯ ಇಟ್ಟಿಗೆ ಮನೆಯ ಜಗಲಿಯಿಂದ ಅಕ್ಕನ ದನಿ ಬಂತು. ಕಂಕುಳಲ್ಲಿ ಬೆಕ್ಕು ಇತ್ತು. "ಅಲ್ಲಿಂದ ಸರಿಯಾಗಿ ಕಾಣ್ತಿರಲಿಲ್ಲ, ನೋಡೋಕೆ ಇಲ್ಲಿಗ್ ಬಂದೆ. ಸಹಿ ಎಲ್ಲಿ ಹಾಕ್ಬೇಕು ಹೇಳು."

ಇಟ್ಟಿಗೆ ಮನೆಯವರ ಸಹಿಯನ್ನು ಒಪ್ಪಿದ ಕಮಿಷನರ್ ಅಕ್ಕನ ಸಹಿಗೆ ಆಕ್ಷೇಪಿಸಿದರು. "ಮನೇನೇ ಇಲ್ಲ. ಖಾಯಂ ನಿವಾಸಿ ಹೆಂಗಾಗ್ತಾಳೆ?" ನೋಡುವ ವೇಳೆಗೆ ಮನೆ ಇತ್ತು ಎಂದು ನಾನು ವಾದಿಸಿದೆ. ಎರಡು ಗಂಟೆ ಚರ್ಚೆಯಾಗಿ ಸಹಿ ಊರ್ಜಿತವಾಯಿತು. ಮೂರು ಗಂಟೆ ನಲವತ್ತಕ್ಕೆ, ಚುರುಗುಟ್ಟುವ ಬಿಸಿಲಿನಲ್ಲಿ, ಸೈರನ್ ಮೊಳಗಿತು. ಒಬ್ಬರೂ ಗೊಣಗದೆ ಸಾಲಾಗಿ ಹೈಸ್ಕೂಲಿನ ನೆಲಮಾಳಿಗೆಗೆ ಇಳಿದರು.

ಅಲ್ಲಿ ಕ್ಲೋವಿಸ್ ಸಾಹೇಬರು ನನ್ನ ಕೈ ಕುಲುಕಿದರು. "ಈ ಸಲ ಒಂದ್ ಚೂರೂ ತಪ್ಪಲಿಲ್ಲ ಕಣಯ್ಯ. ಇನ್ಮೇಲೆ ಹಿಂಗೇ ಹೇಳು."

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ನಾಚಿಕೆಯಾಗಬೇಕಿತ್ತು. ತಲೆಬಾಗಿ ವಂದಿಸಿದೆ.

ಅಕ್ಕ ಪಕ್ಕದಲ್ಲಿ ಬಂದು ಕೂತಳು. "ನಾನ್ ಹೇಳ್ಲಿಲ್ವಾ, ಸೈರನ್ ಆದ್ರೆ ಬರ್ತೀನಿ ಅಂತ," ಎಂದಳು. ದನಿ ನೆಟ್ಟಗಿತ್ತು. ನಾನು ಮಂಡಿಯ ಮೇಲೆ ವರದಿಯ ಹಾಳೆ ಇಟ್ಟುಕೊಂಡು, ಪರಿಸ್ಥಿತಿ ಎಂಬ ಕಲಮಿನ ಎದುರು 'ಶಾಂತ' ಎಂದು ಬರೆಯಲು ಹೊರಟೆ. ಪೆನ್ನು ಹಾಳೆಯ ಮೇಲೆ ಒಂದೆಡೆ ನಿಲ್ಲಲಿಲ್ಲ. ಅಕ್ಕ ತನ್ನ ನಡುಗುವ ಕೈಯನ್ನು ನನ್ನ ಕೈಯ ಮೇಲಿಟ್ಟು ಒತ್ತಿ ಹಿಡಿದಳು, ಇಬ್ಬರೂ ಸೇರಿ ಆ ಮಾತನ್ನು ಬರೆದು ಮುಗಿಸಿದೆವು.