ನಲವತ್ತೆರಡು ಮನೆಯ ಒಂದೇ ಕರೆಗಂಟೆ

"ಫೋನ್ ಮ್ಯಾಲೆತ್ತಬ್ಯಾಡ ಜಗದೇವಕ್ಕಾ, ಮಡಿಲಾಗೇ ಇಟ್ಕೊ. ಅಲ್ಲೇ ಹತ್ತತದ."

ಅಂಬಾರಾಯ ಸ್ವಿಚ್ಚು ಒತ್ತಿದ. ನೆರೆಮನೆಯ ಜಗದೇವಿಯ ಫೋನಿನಲ್ಲಿ ಸಿಗ್ನಲ್ಲಿನ ನಾಲ್ಕು ಗೆರೆ ಮೂಡಿ ನಿಂತವು. ಪಾಳುಬಿದ್ದ ಕಲ್ಲುಗಣಿಯ ತಳದಲ್ಲಿ ಕಟ್ಟಿದ ಆ ಕಾಲೊನಿಯಲ್ಲಿ, ತೊಂಬತ್ತಾರು ಮೆಟ್ಟಿಲು ಹತ್ತಿ ಗಣಿಯಂಚಿಗೆ ಹೋಗದೆ ಯಾರೂ ಹಲೋ ಎಂದದ್ದೇ ಇರಲಿಲ್ಲ.

"ಎಂಟನೇತ್ತೆಗೇ ಸಾಲಿ ಬಿಟ್ಟಾಂವ ಮಾಡಿದ್ದಿದು. ಆ ಫೋನ್ ಕಂಪನಿ ಇಂಜಿನಿಯರ್ ಹದಿನಾಕು ಪುಟ ಬರದು, ಇಲ್ಲಿ ಸಿಗ್ನಲ್ ಆಗೂದಿಲ್ಲ ಅಂದಿದ್ದ. ಕರಿ ಈಗ ಅವನ್ನ."

"ಅವ ಯಾಕ ಬರ್ತಾನೋ? ನೀನೇ ಬೈದು ಓಡಿಸಿದಿ."

ಕೇಬಲ್ ಬೆಸೆಯುವ ಕೆಲಸದ ಅಂಬಾರಾಯ ಬೈಯದೆ ಬಿಟ್ಟವರು ಕಾಲೊನಿಯಲ್ಲೂ ಉಳಿದಿರಲಿಲ್ಲ. ಹಾಗಾಗಿ ಅವನ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ. ಸಿಗ್ನಲ್ ಕೊಟ್ಟ ಮೇಲಾದರೂ ಯಾರೋ ಒಬ್ಬರು ಬಂದು, ಕೂತು, ಭೇಷ್ ಅನ್ನುತ್ತಾರೆಂದು ಅವನು ಒಂದು ಕುರ್ಚಿಯನ್ನೂ ತಂದಿಟ್ಟಿದ್ದ.

ಯಂತ್ರ ಸರಳವಾಗಿತ್ತು. ಗಣಿಯಂಚಿನ ಡಬ್ಬಿ ರೇಡಿಯೊ ಅಲೆಯನ್ನು ಬೆಳಕಾಗಿಸಿ, ಕೂದಲಿನಷ್ಟು ಸಣ್ಣ ಗಾಜಿನ ಎಳೆಯೊಳಗೆ ಇಳಿಬಿಡುತ್ತಿತ್ತು. ಮನೆಮನೆಯ ಡಬ್ಬಿ ಆ ಬೆಳಕನ್ನು ಮತ್ತೆ ಅಲೆ ಮಾಡುತ್ತಿತ್ತು. ಮನೆಯೊಳಗೆ ಎದ್ದ ಅಲೆಯನ್ನೂ ಹಾಗೆಯೇ ಮೇಲಕ್ಕೆ ಕಳಿಸುತ್ತಿತ್ತು. ಬುದ್ಧಿಯೆಲ್ಲ ಮೇಲೆ. ಕೆಳಗಿನ ಡಬ್ಬಿಗಳು ಸಿಕ್ಕಿದ್ದನ್ನೆಲ್ಲ ಹೊರುವ ಹಮಾಲರು.

ಯಂತ್ರ ಗೆದ್ದಿತು. ಗೆದ್ದದ್ದೇ ಅಂಬಾರಾಯನಿಗೆ ಕೆಟ್ಟದ್ದಾಯಿತು. ಮೊದಲು ಸಂಜೆಯಾದರೆ ಕಾಲೊನಿಯೆಲ್ಲ ಗಣಿಯಂಚಿನಲ್ಲಿ ನಿಂತು ಫೋನಿಗೆ ಕೂಗುತ್ತಿತ್ತು. "ಸ್ವಲ್ಪ ಸರಿಯೋ ಅಂಬಾರಾಯ" ಎಂದಾದರೂ ಯಾರೋ ಅನ್ನುತ್ತಿದ್ದರು. ಈಗ ಎಲ್ಲರೂ ಮನೆಯಲ್ಲೇ ಮಲಗಿಕೊಂಡು ಮಾತಾಡಿದರು. ಮೂರು ಸಂಜೆ ಅವನೊಬ್ಬನೇ ಮೇಲೆ ಕೂತು ಬಂದ. "ಸರಿಯೋ" ಅನ್ನುವವರೂ ಇರಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಅವನ ಕರೆಗಂಟೆ ಬಾರಿಸಿತು.

ಅಂಗಿ ತೊಟ್ಟು, ಕುರ್ಚಿ ಒರೆಸಿ ಬಾಗಿಲು ತೆರೆದ. ಯಾರೂ ಇಲ್ಲ. ಎದುರುಮನೆಯ ಬಾಗಿಲೂ ತೆರೆಯಿತು. ಪಕ್ಕದ್ದೂ. ನಲವತ್ತೆರಡು ಬಾಗಿಲೂ. ಕಾಲೊನಿಯ ಹಿರಿಯ ಮೈಬೂಬಸಾಬರ ಮನೆಯ ಮುಂದೆ ಸಿಲಿಂಡರಿನವನು ಗಂಟೆಯ ಮೇಲಿನ ಬೆರಳನ್ನು ತೆಗೆಯುವುದನ್ನೇ ಮರೆತು ನಿಂತಿದ್ದ.

ತಂತಿಯಿಲ್ಲದ ಆ ಗಂಟೆಗಳನ್ನೆಲ್ಲ ಒಂದೇ ತಳ್ಳುಗಾಡಿಯಲ್ಲಿ ಕೊಂಡಿದ್ದರು; ಎಲ್ಲಕ್ಕೂ ಒಂದೇ ಸಂಕೇತ. ಇಷ್ಟು ದಿನ ಕಲ್ಲಿನ ಗೋಡೆ ದಾಟದಿದ್ದ ಅದನ್ನು ಈಗ ಹಮಾಲರು ಮೇಲೆ ಹೊತ್ತು, ಮನೆಮನೆಗೂ ಇಳಿಸಿದ್ದರು.

ಹಾಲಿನವನು ಬಂದರೆ ನಲವತ್ತೆರಡು ಪಾತ್ರೆ ಹೊರಬಂದವು. ಒಂದು ಮನೆಗೆ ಹೆಣ್ಣು ನೋಡಲು ಬಂದರೆ ಒಂಬತ್ತು ಮನೆಯಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಬಿತ್ತು. ತನಗಲ್ಲವೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಅಂಬಾರಾಯ ಪ್ರತಿ ಸಲವೂ ಅಂಗಿ ತೊಟ್ಟು ಬಾಗಿಲು ತೆರೆದ.

ಮೈಬೂಬಸಾಬರು ಬೀದಿಯ ನಡುವೆ ನಿಂತು ಕೂಗಿದರು. "ಬಂದ್ ಮಾಡ್ತಿಯೋ, ಕತ್ತರಿ ತರ್ಲೋ?"

"ಒಳಗ ಬಂದು ಕೂತು ಕೇಳ್ರಿ."

"ಇಲ್ಲಿಂದೇ ಕೇಳಸ್ತದ."

ಅಂಬಾರಾಯ ಜರಡಿಗಳನ್ನು ಮಾಡಿದ. ಬೆಳಕಿನಲ್ಲಿ ಇಳಿದು ಬರುವ ಗಂಟೆಯ ಸಂಕೇತವನ್ನಷ್ಟೇ ತಡೆದು ಫೋನನ್ನು ಬಿಡುವ ಪುಟ್ಟ ಜರಡಿ. ದಿನಕ್ಕೆ ಮೂರು ಮನೆಯಂತೆ ಸುಮಾರು ಎರಡು ವಾರ ಅದನ್ನು ಕೂರಿಸಿದ. ಕೆಲವರು ಚಹಾ ಕೊಟ್ಟರು. ಒಬ್ಬರು ಚಪ್ಪಲಿ ಹೊರಗೆ ಬಿಡು ಎಂದರು. ಆಮೇಲೆ ಕಾಲೊನಿ ತಣ್ಣಗಾಯಿತು.

ಒಂದು ದಿನ ಜಗದೇವಿ ಕಿಟಕಿಯಿಂದ ಕೇಳಿದಳು. "ನಮ್ಮನೀಗಿ ಮಂದಿ ಬಂದ್ರ ನಿಂದು ಇನ್ನಾ ಬಡೀತದಲ್ಲೋ. ನಿನ್ನ ಡಬ್ಬಿಗಿ ಜರಡಿ ಹಾಕಿಲ್ಲೇನು?"

"ಇಲ್ಲ."

"ಅಲ್ಲಾ, ಮ್ಯಾಲಿನ ಡಬ್ಬಿಗೇ ಒಂದು ಹಾಕಿದ್ರ ಎಲ್ಲರ್ದೂ ನಿಲ್ತಿತ್ತಲ್ಲ?"

"ನಿಲ್ತಿತ್ತು," ಎಂದ ಅಂಬಾರಾಯ, ಅಂಗಿಯ ಗುಂಡಿ ಹಾಕುತ್ತ. ಒಳಗೆ ಗಂಟೆ ಬಾರಿಸುತ್ತಿತ್ತು.

ಈಗ ಕಾಲೊನಿಯಲ್ಲಿ ಎಲ್ಲರಿಗಿಂತ ಹೆಚ್ಚು ಜನ ಬರುವುದು ಅವನಲ್ಲಿಗೇ, ದಿನಕ್ಕೆ ಮೂವತ್ತು ಸಲ. ಅವನು ಬಾಗಿಲು ತೆರೆಯುವಷ್ಟರಲ್ಲಿ ಅವರು ಬೇರೆಯವರ ಮನೆಯಲ್ಲಿ ಕೂತಿರುತ್ತಾರೆ, ಅಷ್ಟೆ.