ತಿನ್ನಬಾರದ ಗುಳಿಗೆ

ಪೊಟ್ಟಣದ ಮೇಲಿನ ರಟ್ಟನ್ನು ಅಜಿತಕುಮಾರ ಹರಿದು ಒಗೆಯದೇ ಇದ್ದಿದ್ದರೆ ಆ ಮಂಗಳವಾರ ಏನೂ ಆಗುತ್ತಿರಲಿಲ್ಲ. ಒಗೆದದ್ದು ನಾಚಿಕೆಗೆ.

ಅವರಿಗೆ ಐವತ್ತೆರಡು ವರ್ಷ. ಮನೆ ಬೆಳಗಾವಿಯ ವಡಗಾವಿಯಲ್ಲಿ, ಗುಮಾಸ್ತಿಕೆ ಖಾನಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ. ಒಂಬತ್ತು ವರ್ಷಗಳಿಂದ ದಿನಾ ಎರಡು ಬಸ್ಸು ಹತ್ತಿ ಹೋಗಿ, ಎರಡು ಬಸ್ಸು ಹತ್ತಿ ಬರುತ್ತಿದ್ದರು. ಮನೆ ಸೇರುವ ಹೊತ್ತಿಗೆ ಹಿಂಡಿ ಒಣಹಾಕಿದ ಧೋತರದಂತೆ ಆಗಿರುತ್ತಿದ್ದರು. ಅದನ್ನು ನೋಡಲಾರದೆ ನೆರೆಮನೆಯ ದುಂಡಪ್ಪ ಒಂದು ದಿನ ಮೊಬೈಲ್ ಹಿಡಿದು ಬಂದ. ಮಗ್ಗದ ಸದ್ದಿಗೆ ಕಿವಿ ಮಂದವಾಗಿದ್ದ ದುಂಡಪ್ಪ ಗುಟ್ಟನ್ನೂ ಕೂಗಿಯೇ ಹೇಳುವವನು.

"ಇದು ಗ್ಲುಟಾಥಯೋನ್ ಅಂತ್ರಿ. ಆಂಟಿಆಕ್ಸಿಡೆಂಟ್. ದಣಿವು ಹೋಗತೈತಿ, ಮಾರಿಗೂ ಬೆಳಕ ಬರತೈತಿ."

"ನಮ್ಮ ಮನ್ಯಾಗ ಕ್ಯಾಪ್ಸೂಲ್ ನಡಿಯೂದಿಲ್ಲ ದುಂಡಪ್ಪ. ಅದರ ಸಿಪ್ಪಿ ಎಲುಬಿಂದ ಮಾಡತಾರಂತ ನಮ್ಮಾಕಿ ಶಾಂತಮ್ಮ ಒಳಗ ತರಗೊಡೂದಿಲ್ಲ."

"ಇದು ನುಂಗೂದಲ್ರಿ. ಸಪೋಸಿಟರಿ. ಕೋಕೋ ಬೆಣ್ಣ್ಯಾಗ ಮಾಡಿದ್ದು, ಕೆಳಗಿಂದ ಇಟ್ಟಕೊಳ್ಳೂದು. ಹೊಟ್ಟಿಗೆ ಹೋದ್ರ ಅಲ್ಲೇ ಜೀರ್ಣ ಆಗಿಬಿಡತೈತಿ. ಇಲ್ಲಿಂದ ಸೀದಾ ರಕ್ತಕ್ಕ."

ಈ ಮಾತು ಓಣಿಯ ಮೂರು ಮನೆಗೆ ಕೇಳಿಸಿದ್ದರಿಂದ, ಅಜಿತಕುಮಾರ ಪಾರ್ಸೆಲ್ಲನ್ನು ಕಚೇರಿಯ ವಿಳಾಸಕ್ಕೆ ತರಿಸಿದರು.

ಅದು ಬಂದದ್ದು ಏಪ್ರಿಲ್ ತಿಂಗಳ ಬಿಸಿಲಲ್ಲಿ. ತಂಪು ಜಾಗದಲ್ಲಿಡಿ ಎಂದು ಬರೆದಿತ್ತು. ರಟ್ಟನ್ನು ಹರಿದೊಗೆದು, ಸೂಚನೆಯ ಚೀಟಿಯನ್ನು ಕಿಸೆಗೆ ಹಾಕಿಕೊಂಡು, ಪ್ಲಾಸ್ಟಿಕ್ ಹಾಳೆಯಲ್ಲಿ ಕೂತಿದ್ದ ಹತ್ತು ಬಿಳಿ ಗುಳಿಗೆಗಳನ್ನು ಊಟದ ಡಬ್ಬಿಯಲ್ಲಿಟ್ಟು ಕಚೇರಿಯ ಫ್ರಿಜ್ಜಿಗೆ ಸೇರಿಸಿದರು.

ಅದೇ ದಿನ ಬೆಳಗಾವಿಯಿಂದ ಮೇಲಧಿಕಾರಿ ಸುಹಾಸಿನಿ ಮೇಡಂ ತಪಾಸಣೆಗೆ ಬಂದರು. ಬೆಳಗಾವಿಗೆ ವರ್ಗ ಕೇಳಿ ಅಜಿತಕುಮಾರ ಬರೆದ ಮೂರನೆಯ ಅರ್ಜಿ ಅವರ ಕೈಯಲ್ಲಿತ್ತು. ಮೇಡಂಗೆ ಆಸ್ತಮಾ. ಮೆಟ್ಟಿಲು ಹತ್ತಿ ಬಂದವರೇ ಬ್ಯಾಗಿನಿಂದ ಇನ್‌ಹೇಲರ್ ತೆಗೆದು ಎರಡು ಸಲ ಎಳೆದುಕೊಂಡರು. ನಂತರ ಹಳೆಯ ಕಡತಗಳನ್ನು ಕೇಳಿದರು. ಅಜಿತಕುಮಾರ ದಾಖಲೆ ಕೋಣೆಗೆ ಹೋದರು.

ಧೂಳು ಕೊಡವಿಕೊಂಡು ಮರಳಿ ಬಂದಾಗ ಮೇಜಿನ ಮೇಲೆ ಚಹಾ ಇತ್ತು. ಚಹಾದ ಪಕ್ಕ ಒಂದು ತಾಟು. ತಾಟಿನಲ್ಲಿ ಸಿಪ್ಪೆ ಬಿಡಿಸಿದ ನಾಲ್ಕು ಗುಳಿಗೆ.

"ಸಿಟ್ಟಾಗಬ್ಯಾಡ್ರಿ ಅಜಿತಕುಮಾರ," ಎಂದರು ಹೆಡ್ ಕ್ಲರ್ಕ್ ತ್ರ್ಯಂಬಕ. ಯಾರ ಡಬ್ಬಿಯನ್ನಾದರೂ ಸ್ವಂತದ್ದೆಂದೇ ತೆರೆಯುವ ಮನುಷ್ಯ. "ಚಹಾದ ಸಂಗಾಟ ಕೊಡಾಕ ಏನೂ ಇರಲಿಲ್ಲ. ಚಾಕಲೇಟ್ ಮಸ್ತ್ ಐತಿ. ಸಕ್ಕರಿ ಹಾಕೂದ ಮರತಾರ, ಅಷ್ಟ. ನಾ ನಾಲ್ಕು ತಿಂದೆ, ಮೇಡಮ್ಮಾರು ಎರಡು."

ಅಜಿತಕುಮಾರ ಹೊರಗೆ ಹೋಗಿ ಚೀಟಿ ಬಿಚ್ಚಿ ನೋಡಿದರು. ಬಾಯಿಯಿಂದ ಸೇವಿಸಬಾರದು. ಆಸ್ತಮಾ ಇದ್ದವರು ವೈದ್ಯರನ್ನು ಕೇಳದೆ ಬಳಸಬಾರದು. ಗೋಡೆಗೆ ಒರಗಿ ನಿಂತರು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಸಂಜೆಯೊಳಗೆ ಅರ್ಜಿಗೆ ಸಹಿ ಬೀಳಬಹುದು. ಒಳಗೆ ಮೇಡಂ ಕೆಮ್ಮಿದರು. ಅಜಿತಕುಮಾರ ಒಳಗೆ ಹೋದರು.

"ಮೇಡಂ, ಅದು ತಿನ್ನೂ ಪದಾರ್ಥ ಅಲ್ರಿ."

"ಮತ್ತ ಏನದು?"

"ಔಷಧ ಅದರಿ. ನಂದು. ಕೆಳಗಿಂದ ತಗೊಳ್ಳೂದು."

"ಕೆಳಗಿಂದ ಅಂದ್ರ?"

ಅಜಿತಕುಮಾರ ತಲೆ ತಗ್ಗಿಸಿ ಚೀಟಿಯನ್ನೇ ಮುಂದೆ ಹಿಡಿದರು. ಅದರಲ್ಲಿ ಚಿತ್ರವೂ ಇತ್ತು. ಮೇಡಂ ಬಹಳ ಹೊತ್ತು ನೋಡಿದರು. ತ್ರ್ಯಂಬಕ ಇಣುಕಿ ನೋಡಿ ಬಾಯಿ ಮುಚ್ಚಿಕೊಂಡರು. ಮುಚ್ಚಿಕೊಳ್ಳಬೇಕಾದದ್ದು ಬಾಯಿಯೋ ಅಲ್ಲವೋ ತಿಳಿಯದೆ ಕುರ್ಚಿ ಹಿಡಿದು ಕೂತರು.

ಮೂವರೂ ಜೀಪಿನಲ್ಲಿ ಡಾಕ್ಟರ್ ತನ್ಮಯಿಯ ದವಾಖಾನೆಗೆ ಹೋದರು. ಸರದಿ ಕಾಯುವಾಗ ತ್ರ್ಯಂಬಕ ಗಾಬರಿಯಲ್ಲಿ ಬಾಜು ಕೂತವರಿಗೆ ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಎಲ್ಲವನ್ನೂ ವಿವರಿಸಿದರು. ಅದು ಯಾರ ಔಷಧವೆಂದು ಬೆರಳು ಮಾಡಿ ತೋರಿಸಿದರು.

"ಇದರಾಗ ಹೆಚ್ಚಿಂದು ಕೊಬ್ಬು. ಹೊಟ್ಟ್ಯಾಗ ಕರಗಿ ಹೋಗತದ," ಎಂದರು ಡಾಕ್ಟರ್. "ಮೇಡಂ, ಒಂದು ತಾಸು ಇಲ್ಲೇ ಕುಂದರ್ರಿ. ಉಸಿರು ಹಿಡದಂಗ ಆದ್ರ ಹೇಳ್ರಿ." ಆಮೇಲೆ ಅಜಿತಕುಮಾರರ ಕಡೆ ತಿರುಗಿದರು. "ಇದನ್ನ ಯಾರು ಬರಕೊಟ್ರು?"

"ನೆರಮನ್ಯಾವ್ರು."

"ಇದರಿಂದ ದಣಿವು ಹೋಗತದ ಅನ್ನಾಕ ಗಟ್ಟಿ ಪುರಾವೆ ಇಲ್ರಿ. ಆನ್‌ಲೈನ್ ಮಾಲು, ಬರದಷ್ಟು ಒಳಗ ಇರತದಂತ ಹೇಳಾಕ ಬರೂದಿಲ್ಲ. ಇಟ್ಟಲ್ಲಿ ಉರಿ ಆಗಬಹುದು. ಬಸರಿದ್ದವ್ರು, ಕ್ಯಾನ್ಸರಿಗೆ ಔಷಧ ನಡದವ್ರು ಕೇಳದ ಮುಟ್ಟಲೇಬಾರದು. ಮೊದಲ ರಕ್ತಾ ತಪಾಸ ಮಾಡಸ್ರಿ. ದಿನಾ ಬಸ್ಸಿನಾಗ ಎಷ್ಟು ತಾಸು?"

"ಮೂರು ತಾಸು ಆಗತೈತ್ರಿ. ಒಂಬತ್ತು ವರ್ಷ ಆತು."

"ಹಂಗಾರ ಆ ದಣಿವಿಗೆ ಔಷಧ ನನ್ನ ಕಡೆ ಇಲ್ಲ. ನಿಮ್ಮ ಸಾಹೇಬರ ಕಡೆ ಇರತದ."

ಪಕ್ಕದಲ್ಲೇ ಕೂತಿದ್ದ ಮೇಡಂ ಅದನ್ನು ಕೇಳಿಸಿಕೊಂಡರು. ಅಜಿತಕುಮಾರರ ಎದೆಯಲ್ಲಿ ಮೊದಲ ಸಲ ಆಸೆ ಚಿಗುರಿತು. ಒಂದು ತಾಸು ಕಳೆಯಿತು. ಮೇಡಂ ಉಸಿರು ಸರಾಗವಾಗಿಯೇ ಇತ್ತು.

ಕಚೇರಿಗೆ ಮರಳಿದ ಮೇಲೆ, ಐದು ಗಂಟೆಗೆ ಮೇಡಂ ಅಜಿತಕುಮಾರರನ್ನು ಒಳಗೆ ಕರೆಸಿದರು. ಮೇಡಂ ಕೈಯಲ್ಲಿ ಪೆನ್ನಿತ್ತು.

"ಇಪ್ಪತ್ತು ವರ್ಷದಾಗ ಭಾಳ ಕಚೇರಿ ನೋಡೇನ್ರಿ. ಮಾನ ಹೋದ್ರೂ ಹೋಗಲಿ ಅಂತ ಖರೇ ಹೇಳಿದವ್ರು ನೀವೊಬ್ರ."

ಅಜಿತಕುಮಾರ ಕೈಮುಗಿದರು.

"ಇಲ್ಲಿ ದಾಖಲಿ ನೋಡಿದ್ರ ಒಂದೂ ನೆಟ್ಟಗಿಲ್ಲ. ನಿಮ್ಮಂಥವ್ರನ್ನ ಕಳಿಸಿಕೊಟ್ರ ಈ ಕಚೇರಿ ಗತಿ ಏನು? ಇನ್ನ ಐದು ವರ್ಷ ನಿಮ್ಮನ್ನ ಇಲ್ಲಿಂದ ಅಲುಗಸಬಾರದು ಅಂತ ಬರದೇನಿ." ಸಹಿ ಹಾಕಿ ಇನ್ನೊಂದು ಕಾಗದ ತೆಗೆದರು. "ಆ ತ್ರ್ಯಂಬಕ ಮಾತ್ರ ನನ್ನ ಕಣ್ಣಮುಂದ ಇರಬೇಕು. ಅವರನ್ನ ಬೆಳಗಾವಿಗೆ ಹಾಕೇನಿ."

ತ್ರ್ಯಂಬಕರ ಮನೆ ಕಚೇರಿಯ ಹಿಂದಿನ ಓಣಿಯಲ್ಲೇ ಇತ್ತು. ಸುದ್ದಿ ಕೇಳಿ ಅವರು ಹಣೆಗೆ ಕೈಹಚ್ಚಿ ಕೂತರು. ಅಜಿತಕುಮಾರ ಅವರನ್ನು ಸಮಾಧಾನಪಡಿಸಿ, ಯಾವ ಬಸ್ಸಿಗೆ ಗದ್ದಲ ಕಡಿಮೆ, ಎಲ್ಲಿ ಕೂತರೆ ಬಿಸಿಲು ಬೀಳುವುದಿಲ್ಲ ಎಂದು ಹೇಳಿಕೊಟ್ಟರು. ಅಷ್ಟರಲ್ಲಿ ಅಜಿತಕುಮಾರರ ಆರು ಗಂಟೆಯ ಬಸ್ಸು ಹೋಗಿಬಿಟ್ಟಿತ್ತು.